ಕಿವಿಗೊಂದು ಕದ

ಮೋಟಾರು ಪಂದ್ಯಕ್ಕಿಳಿಯುವ ಚಾಲಕನು ಶಿರಸ್ತ್ರಾಣವನ್ನು ತೊಡುವ ಮುನ್ನ ಎರಡು ಸಣ್ಣ ವಸ್ತುಗಳನ್ನು ಕಿವಿಗಳೊಳಗೆ ಇಟ್ಟುಕೊಳ್ಳುತ್ತಾನೆ. ಹುಣಿಸೆ ಬೀಜಕ್ಕಿಂತ ತುಸು ದೊಡ್ಡ ವಸ್ತುಗಳು. ಅವನ ಕಿವಿಯ ತಿರುವುಮುರುವುಗಳನ್ನೆಲ್ಲ ಮೈಮೇಲೆ ಹೊತ್ತಿರುವ ಅಚ್ಚುಗಳು. ಮತ್ತೊಬ್ಬರ ಕಿವಿಗೆ ಅವು ಕೂಡುವುದಿಲ್ಲ. ಅವನ ಎಡಗಿವಿಯದು ಅವನ ಬಲಗಿವಿಗೇ ಕೂಡುವುದಿಲ್ಲ. ಅವುಗಳಿಂದ ಹೊರಟ ತೆಳುವಾದ ತಂತಿ ಶಿರಸ್ತ್ರಾಣದ ಮೂಲಕ ರೇಡಿಯೊವನ್ನು ಸೇರುತ್ತದೆ. ಜಾರಿ ಬೀಳದಿರಲೆಂದು ಮೇಲೊಂದು ಅಂಟುಪಟ್ಟಿಯನ್ನೂ ಹಾಕುವುದುಂಟು. ಪಂದ್ಯವನ್ನು ನೋಡುವವರು ಎಂಜಿನು, ಚಕ್ರ, ವೇಗ ಇವುಗಳ ಬಗ್ಗೆ ಗಂಟೆಗಟ್ಟಲೆ ಮಾತನಾಡುತ್ತಾರೆ. ಈ ಪುಟ್ಟ ಅಚ್ಚುಗಳ ಕಡೆಗೆ ಕಣ್ಣು ಹಾಯಿಸುವವರು ವಿರಳ. ಹಳೆಯ ಕಸುಬುಗಳ ಚರಿತ್ರೆಯನ್ನು ಹುಡುಕಿ ಓದುವ ಚಪಲವುಳ್ಳ ನನಗೆ ಮಾತ್ರ ಆ ಇಡೀ ಆಡಂಬರದಲ್ಲಿ ಎಲ್ಲಕ್ಕಿಂತ ಕುತೂಹಲ ಹುಟ್ಟಿಸಿದ ವಸ್ತು ಅದೇ. ಅದಕ್ಕೊಂದು ದೀರ್ಘವಾದ ವಂಶಾವಳಿಯಿದೆ. ಕೇವಲ ಕಿವಿಯ ಮೂಲಕವೇ ತಮ್ಮನ್ನು ಮುಟ್ಟಬೇಕಾಗಿರುವ ಈ ಬಾನುಲಿ ಭಾಷಣದಲ್ಲಿ ಕಿವಿಯ ರಕ್ಷಣೆಯ ಕಥೆಯನ್ನೇ ಹೇಳುವುದು ಅನುಚಿತವಾಗಲಾರದೆಂದು ನಂಬಿದ್ದೇನೆ.

ಪ್ರಕೃತಿ ಕಣ್ಣಿಗೆ ರೆಪ್ಪೆಯನ್ನು ಕೊಟ್ಟಿತು, ಬಾಯಿಗೆ ತುಟಿಯನ್ನು ಕೊಟ್ಟಿತು. ಕಿವಿಗೆ ಮಾತ್ರ ಕದವಿಡಲಿಲ್ಲ. ಕಾಡಿನಲ್ಲಿ ಮಲಗಿದ್ದ ನಮ್ಮ ಪೂರ್ವಿಕನಿಗೆ ನಿದ್ದೆಯಲ್ಲೂ ಕಾವಲು ಬೇಕಾಗಿತ್ತು. ಆ ಕಾಡಿನಲ್ಲಿ ಗುಡುಗನ್ನು ಬಿಟ್ಟರೆ ಕಿವಿಯನ್ನು ನೋಯಿಸುವ ಸದ್ದೂ ಇರಲಿಲ್ಲ. ಸದ್ದನ್ನು ದಿನವಿಡೀ ತಾನೇ ಹುಟ್ಟಿಸಿಕೊಂಡು ಅದರ ನಡುವೆಯೇ ಬದುಕುವ ಪ್ರಾಣಿ ಮನುಷ್ಯನೊಬ್ಬನೇ. ಕದವನ್ನು ಅವನೇ ಮಾಡಿಕೊಳ್ಳಬೇಕಾಯಿತು.

ಆ ಕದದ ಮೊದಲ ಪ್ರಸ್ತಾಪ ಸಾಹಿತ್ಯದಲ್ಲಿಯೇ ಸಿಗುವುದು ನಮ್ಮಂಥವರಿಗೆ ಸಂತೋಷದ ಸಂಗತಿ. ಹೋಮರನ ‘ಒಡಿಸ್ಸಿ’ಯ ಹನ್ನೆರಡನೆಯ ಭಾಗದಲ್ಲಿ ಹಡಗು ಮೋಹಿನಿಯರ ದ್ವೀಪದ ಬಳಿ ಸಾಗಬೇಕಾಗಿದೆ. ಅವರ ಹಾಡನ್ನು ಕೇಳಿದವರು ಬದುಕಿ ಮರಳುವುದಿಲ್ಲ. ನಾಯಕನಾದ ಒಡಿಸ್ಯೂಸನು ಜೇನುಮೇಣವನ್ನು ಮಿದುಗೊಳಿಸಿ ತನ್ನ ನಾವಿಕರ ಕಿವಿಗಳಿಗೆ ತುಂಬುತ್ತಾನೆ. ತಾನು ಮಾತ್ರ ಕಿವಿ ತೆರೆದಿಟ್ಟುಕೊಂಡು ಹಡಗಿನ ಕಂಬಕ್ಕೆ ಕಟ್ಟಿಸಿಕೊಳ್ಳುತ್ತಾನೆ. ನಾವಿಕರು ಏನನ್ನೂ ಕೇಳಲಿಲ್ಲ, ಆದ್ದರಿಂದ ದುಡಿಯಲು ಸಾಧ್ಯವಾಯಿತು. ನಾಯಕನು ಎಲ್ಲವನ್ನೂ ಕೇಳಿದ, ಆದರೆ ಕೈಕಾಲು ಅಲುಗಿಸಲಾರದೆ ನಿಂತ. ಮುಂದೆ ಬಹುಕಾಲ ಮನುಷ್ಯನ ಮುಂದಿದ್ದುದು ಈ ಎರಡೇ ದಾರಿಗಳು: ಪೂರ್ತಿ ಮುಚ್ಚಿಕೊಳ್ಳುವುದು, ಇಲ್ಲವೇ ಪೂರ್ತಿ ತೆರೆದುಕೊಂಡು ಅನುಭವಿಸುವುದು. ಮಾರಕವಾದ ಸದ್ದನ್ನು ತಡೆದು ಬೇಕಾದ ಮಾತನ್ನು ಮಾತ್ರ ಒಳಗೆ ಬಿಡುವ ಮೂರನೆಯ ದಾರಿ ಯಾರಿಗೂ ಹೊಳೆದಿರಲಿಲ್ಲ, ಹೊಳೆದರೂ ಸಾಧನವಿರಲಿಲ್ಲ.

ಇಟಲಿಯ ವೈದ್ಯ ಬೆರ್ನಾರ್ಡಿನೊ ರಾಮಜ್ಜೀನಿ 1700ರಲ್ಲಿ ಕಸುಬುದಾರರ ಕಾಯಿಲೆಗಳನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದನು. ವೈದ್ಯನಾದವನು ರೋಗಿಯನ್ನು ನೋಡಿದಾಗ ‘ನಿನ್ನ ಕಸುಬೇನು?’ ಎಂದು ಕೇಳಲೇಬೇಕೆಂದು ಬೋಧಿಸಿದವನು ಇವನು. ವೆನಿಸ್ ನಗರದಲ್ಲಿ ತಾಮ್ರದ ಪಾತ್ರೆ ಬಡಿಯುವವರೆಲ್ಲ ಒಂದೇ ಕೇರಿಯಲ್ಲಿ ವಾಸವಾಗಿದ್ದರು. ಹಗಲೆಲ್ಲ ಸುತ್ತಿಗೆಯ ಸದ್ದು. ಆ ಕಸುಬಿನವರ ಕಿವಿ ವರ್ಷ ಕಳೆದಂತೆ ಮಂದವಾಗಿ ಮುಪ್ಪಿನಲ್ಲಿ ಪೂರ್ತಿ ಕೆಡುವುದನ್ನು ರಾಮಜ್ಜೀನಿ ಬರೆದಿಟ್ಟನು. ನಮ್ಮ ಊರುಗಳ ಕಂಚುಗಾರರ ಕೇರಿಯನ್ನು ಬಲ್ಲವರಿಗೆ ಈ ಚಿತ್ರ ಹೊಸದಲ್ಲ. ಕಸುಬಿನೊಂದಿಗೆ ಕಿವುಡೂ ಅಪ್ಪನಿಂದ ಮಗನಿಗೆ ಬರುವ ಆಸ್ತಿಯೆಂಬಂತೆ ಜನ ಅದನ್ನು ಒಪ್ಪಿಕೊಂಡಿದ್ದರು.

ಹಬೆಯಂತ್ರದ ಯುಗ ಬಂದಮೇಲೆ ಸುತ್ತಿಗೆಯ ಸದ್ದು ಉಕ್ಕಿನ ಬಾಯ್ಲರಿನೊಳಗೆ ಹೊಕ್ಕಿತು. ತಗಡುಗಳನ್ನು ರಿವೆಟ್ಟಿನಿಂದ ಜೋಡಿಸುವಾಗ ಒಬ್ಬನು ಹೊರಗಿನಿಂದ ಬಡಿಯಬೇಕು, ಇನ್ನೊಬ್ಬನು ಬಾಯ್ಲರಿನ ಒಳಗೆ ಕುಳಿತು ಆನಿಸಿ ಹಿಡಿಯಬೇಕು. ಒಳಗೆ ಕುಳಿತವನ ಪಾಡು ಗಂಟೆಯೊಳಗಿನ ನಾಲಗೆಯ ಪಾಡು. ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದ ಕಿವಿಯ ವೈದ್ಯ ಥಾಮಸ್ ಬಾರ್ ಎಂಬುವನು 1886ರಲ್ಲಿ ಪ್ರಕಟಿಸಿದ ತನಿಖೆ ಈ ಚರಿತ್ರೆಯಲ್ಲಿ ಒಂದು ಮೈಲಿಗಲ್ಲು. ಬಾಯ್ಲರು ಕಟ್ಟುವ ನೂರು ಮಂದಿ, ಕಬ್ಬಿಣ ಎರಕದ ನೂರು ಮಂದಿ, ಅಂಚೆ ಹಂಚುವ ನೂರು ಮಂದಿ, ಹೀಗೆ ಮೂರು ಗುಂಪುಗಳನ್ನು ಅವನು ಪರೀಕ್ಷಿಸಿದನು. ಉಪಕರಣ ಒಂದು ಜೇಬುಗಡಿಯಾರ; ಅದರ ಟಿಕ್ ಟಿಕ್ ಸದ್ದು ಎಷ್ಟು ದೂರದಿಂದ ಕೇಳುತ್ತದೆಂಬುದೇ ಅಳತೆ. ಬಾಯ್ಲರಿನ ನೂರು ಮಂದಿಯಲ್ಲಿ ಒಬ್ಬನ ಕಿವಿಯೂ ಸರಿಯಾಗಿರಲಿಲ್ಲ. ಅವರಲ್ಲಿ ಮುಕ್ಕಾಲು ಪಾಲು ಜನ ಸಭೆಯಲ್ಲಿ ಕುಳಿತರೆ ಭಾಷಣ ಕೇಳಿಸದವರು ಅಥವಾ ಕಷ್ಟದಿಂದ ಕೇಳಿಸಿಕೊಳ್ಳುವವರು. ಅಂಚೆಯವರಲ್ಲಿ ಅಂಥವರು ತೀರ ಕಡಮೆ. ಕಿವುಡಿಗೆ ಕಾರಣ ಹಣೆಬರಹವಲ್ಲ, ಕೆಲಸದ ಜಾಗ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಾಗಿರಲಿಲ್ಲ.

ಈ ಕಿವುಡಿನ ಬಗೆಯನ್ನು ಸ್ವಲ್ಪ ವಿವರಿಸಬೇಕು. ನಮ್ಮ ಒಳಗಿವಿಯಲ್ಲಿ ಶಂಖದ ಆಕಾರದ ಒಂದು ನಾಳವಿದೆ. ಅದರೊಳಗೆ ಸುಮಾರು ಹದಿನೈದು ಸಾವಿರ ಕೂದಲು ಕೋಶಗಳು ಸಾಲಾಗಿ ನಿಂತಿವೆ. ಸದ್ದಿನ ಅಲೆಗೆ ಅವು ಪೈರಿನ ತೆನೆಗಳಂತೆ ಬಾಗುತ್ತವೆ, ಮತ್ತೆ ಏಳುತ್ತವೆ. ಬಿರುಗಾಳಿ ಬಹಳ ಹೊತ್ತು ಬೀಸಿದರೆ ಪೈರು ಮಲಗುವಂತೆ ಅವೂ ಮಲಗುತ್ತವೆ. ಗದ್ದೆಯಲ್ಲಿ ಮರುವರ್ಷ ಬೆಳೆಯುಂಟು. ಮನುಷ್ಯನ ಕಿವಿಯಲ್ಲಿ ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ. ಗದ್ದಲದ ಪೆಟ್ಟು ಮೊದಲು ಬೀಳುವುದು ಎತ್ತರದ ಶ್ರುತಿಯನ್ನು ಗ್ರಹಿಸುವ ಕೋಶಗಳ ಮೇಲೆ, ಅದರಲ್ಲೂ ಸೆಕೆಂಡಿಗೆ 4,000 ಕಂಪನಗಳ ಆಸುಪಾಸಿನಲ್ಲಿ. ಇದರ ಫಲ ವಿಚಿತ್ರವಾದುದು. ಭಾಷೆಯಲ್ಲಿ ಸ್ವರಗಳು ತಗ್ಗು ಶ್ರುತಿಯಲ್ಲಿ ಗಟ್ಟಿಯಾಗಿ ಕೇಳುತ್ತವೆ. ಸಕಾರ, ಶಕಾರ, ತಕಾರ, ಕಕಾರಗಳಂಥ ವ್ಯಂಜನಗಳ ಗುರುತು ಎತ್ತರದ ಶ್ರುತಿಯಲ್ಲಿ ಮೆಲ್ಲಗೆ ಕೂತಿರುತ್ತದೆ. ಹೀಗಾಗಿ ಇಂಥ ಕಿವಿಗೆ ‘ಆ’ ಕೇಳುತ್ತದೆ, ‘ಉ’ ಕೇಳುತ್ತದೆ. ಹೇಳಿದ್ದು ಸಾಲೋ, ಕಾಲೋ, ಪಾಲೋ, ಹಾಲೋ ತಿಳಿಯುವುದಿಲ್ಲ. ‘ಕೇಳಿಸುತ್ತದೆ, ಅರ್ಥವಾಗುವುದಿಲ್ಲ’ ಎಂದು ಇಂಥವರು ಹೇಳಿದರೆ ಮನೆಯವರು ಅದನ್ನು ಗಮನವಿಲ್ಲದಿರುವಿಕೆಯೆಂದು ತಿಳಿಯುತ್ತಾರೆ.

ನನ್ನ ಸೋದರಮಾವನವರು ಒಂದು ದೊಡ್ಡ ಕಾರ್ಖಾನೆಯ ಎಂಜಿನು ಪರೀಕ್ಷೆಯ ವಿಭಾಗದಲ್ಲಿ ಮೂವತ್ತು ವರ್ಷ ದುಡಿದವರು. ಎಂಜಿನಿನ ಸದ್ದು ಕೇಳಿಯೇ ಅದರ ರೋಗ ಹೇಳುತ್ತಿದ್ದರು. ಅದೇ ಅವರ ಹೆಮ್ಮೆ. ಕಿವಿಗೆ ಏನನ್ನಾದರೂ ಇಟ್ಟುಕೊಂಡರೆ ಆ ವಿದ್ಯೆ ಹೋದೀತೆಂದು ಅಂಜುತ್ತಿದ್ದರು. ಅವರ ಮೇಲಧಿಕಾರಿಗಳೂ ಒತ್ತಾಯಿಸಲಿಲ್ಲ. ಬೀರುವಿನಲ್ಲಿ ಪೆಟ್ಟಿಗೆಯೊಂದು ಇತ್ತಂತೆ, ಅದನ್ನು ತೆರೆದವರಿಲ್ಲ. ನಿವೃತ್ತರಾದ ಮೇಲೆ ಅವರು ಮನೆಯ ಸಮಾರಂಭಗಳಲ್ಲಿ ಎಲ್ಲರೂ ನಕ್ಕಾಗ ನಗುತ್ತಿದ್ದರು, ಒಂದು ಕ್ಷಣ ತಡವಾಗಿ. ಮೊಮ್ಮಗಳು ತೊದಲು ನುಡಿಯಲ್ಲಿ ಏನನ್ನೋ ಹೇಳಿದರೆ ಅತ್ತೆಯವರ ಮುಖ ನೋಡುತ್ತಿದ್ದರು. ಮಕ್ಕಳ ದನಿ ಎತ್ತರದ ಶ್ರುತಿಯದು. ಗದ್ದಲವು ಮನುಷ್ಯನಿಂದ ಏನನ್ನು ಕಸಿಯುತ್ತದೆಂಬುದನ್ನು ನಾನು ಯಾವ ಗ್ರಂಥದಲ್ಲಿ ಓದುವುದಕ್ಕೂ ಮೊದಲು ಆ ನೋಟದಲ್ಲಿ ಕಂಡಿದ್ದೇನೆ.

ಕಿವಿ ಮುಚ್ಚಿಕೊಳ್ಳಲು ದುಡಿಯುವವರು ಏಕೆ ಒಪ್ಪಲಿಲ್ಲ ಎಂಬ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ. ಅದು ಮೂರ್ಖತನವಾಗಿರಲಿಲ್ಲ. ಕಿವಿ ಮುಚ್ಚಿದವನಿಗೆ ಯಂತ್ರದ ದನಿ ತಿಳಿಯದು, ಜೊತೆಗಾರನ ಎಚ್ಚರಿಕೆ ತಿಳಿಯದು. ಇಂಗ್ಲೆಂಡಿನ ಲ್ಯಾಂಕಷೈರಿನ ಬಟ್ಟೆ ಗಿರಣಿಗಳಲ್ಲಿ ಮಗ್ಗಗಳ ಅಬ್ಬರದಲ್ಲಿ ಮಾತು ಕೇಳಿಸುತ್ತಿರಲಿಲ್ಲವಾಗಿ ಅಲ್ಲಿಯ ಹೆಂಗಸರು ತುಟಿಯನ್ನು ಉತ್ಪ್ರೇಕ್ಷಿಸಿ ಆಡಿಸುವ, ಕೈಸನ್ನೆ ಬೆರೆಸಿದ ಒಂದು ಮೂಕಭಾಷೆಯನ್ನೇ ಕಟ್ಟಿಕೊಂಡಿದ್ದರು. ಕಿವಿಗೆ ಬದಲು ಕಣ್ಣನ್ನು ದುಡಿಸಿಕೊಂಡರು. ನಮ್ಮ ರಬಕವಿ-ಬನಹಟ್ಟಿ, ದೊಡ್ಡಬಳ್ಳಾಪುರಗಳ ವಿದ್ಯುತ್ ಮಗ್ಗಗಳ ನಡುವೆ ನಿಂತು ಮಾತನಾಡಿದವರಿಗೆ ಇದರ ಅಗತ್ಯವನ್ನು ವಿವರಿಸಬೇಕಾಗಿಲ್ಲ.

ಇನ್ನು ಮೋಟಾರು ಪಂದ್ಯದ ಕಡೆಗೆ ಬರೋಣ. ಪಂದ್ಯಕ್ಕೆಂದೇ ಕಟ್ಟಿದ ಮೊದಲ ಪಥ ಇಂಗ್ಲೆಂಡಿನ ಸರ್ರೆ ಪ್ರಾಂತದ ಬ್ರೂಕ್‌ಲ್ಯಾಂಡ್ಸ್. ಹ್ಯೂ ಲಾಕ್ ಕಿಂಗ್ ಎಂಬ ಜಮೀನುದಾರನು ತನ್ನ ಸ್ವಂತ ನೆಲದಲ್ಲಿ ಕಾಂಕ್ರೀಟಿನಿಂದ ಕಟ್ಟಿಸಿದ ಈ ಪಥ 1907ರ ಜೂನ್ ತಿಂಗಳಲ್ಲಿ ತೆರೆಯಿತು. ಅದೇ ತಿಂಗಳ ಕೊನೆಯಲ್ಲಿ ಸೆಲ್ವಿನ್ ಎಡ್ಜ್ ಎಂಬ ಚಾಲಕನು ಹಗಲಿರುಳು 24 ಗಂಟೆ ಅಲ್ಲಿ ಕಾರು ಓಡಿಸಿ ದಾಖಲೆ ಸ್ಥಾಪಿಸಿದನು. ದಾಖಲೆ ಅವನದಾಯಿತು, ನಿದ್ದೆ ಕೆಟ್ಟುದು ನೆರೆಹೊರೆಯವರದಾಯಿತು. ದೂರುಗಳು ಎದ್ದುವು, ರಾತ್ರಿಯ ಓಟ ನಿಂತಿತು. 1929ರಲ್ಲಿ ಅಲ್ಲಿ 24 ಗಂಟೆಗಳ ಪಂದ್ಯ ನಡೆಸಬೇಕೆಂದಾಗ ಎರಡು ಹಗಲುಗಳಲ್ಲಿ ಹನ್ನೆರಡು ಹನ್ನೆರಡು ಗಂಟೆಯಂತೆ ಹಂಚಿ, ನಡುವಿನ ರಾತ್ರಿ ಕಾರುಗಳನ್ನು ಬೀಗ ಹಾಕಿ ಇಡಬೇಕಾಯಿತು. 1920ರ ದಶಕದ ನಡುವಿನಿಂದ ಕಾರುಗಳಿಗೆ ದೊಡ್ಡ ಸೈಲೆನ್ಸರು ಕಡ್ಡಾಯವಾಯಿತು; ಮೀನಿನ ಬಾಲದಂಥ ತುದಿಯುಳ್ಳ ಆ ಸೈಲೆನ್ಸರಿಗೆ ಪಥದ ಹೆಸರೇ ಅಂಟಿತು. ಗಮನಿಸಬೇಕಾದುದು ಇಷ್ಟು: ಈ ಗಲಾಟೆಯೆಲ್ಲ ನಡೆದದ್ದು ಪಕ್ಕದ ಬಂಗಲೆಗಳ ನಿದ್ದೆಗಾಗಿ. ಸದ್ದಿನ ಮೂಲಕ್ಕೆ ನಾಲ್ಕು ಮೊಳ ದೂರದಲ್ಲಿ ಕುಳಿತ ಚಾಲಕನ ಕಿವಿಯಾಗಲಿ, ಅದರ ಪಕ್ಕದಲ್ಲೇ ಬಾಗಿ ನಿಂತ ಮೆಕ್ಯಾನಿಕನ ಕಿವಿಯಾಗಲಿ ಚರ್ಚೆಗೆ ಬರಲಿಲ್ಲ. ಅವರಿಗೆ ಒಂದಿಷ್ಟು ಹತ್ತಿ ಸಾಕೆಂದು ಲೋಕ ತಿಳಿದಿತ್ತು. ಒಣ ಹತ್ತಿ ಸದ್ದನ್ನು ತಡೆಯುವುದು ಅತ್ಯಲ್ಪ ಎಂಬುದು ಈಗ ಸಿದ್ಧವಾದ ಮಾತು.

ಅದೇ 1907ರಲ್ಲಿ, ಸಮುದ್ರದಾಚೆ ಬರ್ಲಿನ್ನಿನಲ್ಲಿ, ಮ್ಯಾಕ್ಸ್ ನೆಗ್ವರ್ ಎಂಬ ಔಷಧ ವ್ಯಾಪಾರಿ ಹೋಮರನ ಮೇಣವನ್ನು ಹತ್ತಿಯೊಂದಿಗೆ ಬೆರೆಸಿ ಗುಳಿಗೆಗಳನ್ನು ಮಾಡುವ ಉದ್ಯಮವನ್ನು ಆರಂಭಿಸಿದ್ದನು. ಅದರ ಹೆಸರು ‘ಓರೋಪಾಕ್ಸ್’. ಕಿವಿಗೆ ಜರ್ಮನಿನ ಶಬ್ದ, ಶಾಂತಿಗೆ ಲ್ಯಾಟಿನ್ ಶಬ್ದ, ಎರಡನ್ನೂ ಸೇರಿಸಿದ ಸಮಾಸ. ಸದ್ದೆಂದರೆ ಸಿಡಿಮಿಡಿಗೊಳ್ಳುತ್ತಿದ್ದ ಫ್ರಾಂಜ್ ಕಾಫ್ಕನು 1915ರಲ್ಲಿ ಇದನ್ನು ಬರ್ಲಿನ್ನಿನಿಂದ ತರಿಸಿಕೊಂಡ ವಿಷಯ ಅವನ ಪತ್ರಗಳಲ್ಲಿದೆ. ಮೊದಲನೆಯ ಮಹಾಯುದ್ಧದ ಫಿರಂಗಿಗಳು ಈ ಗುಳಿಗೆಗಳಿಗೆ ಸಾವಿರಾರು ಸೈನಿಕರ ಕಿವಿಗಳನ್ನು ಒದಗಿಸಿದವು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕಾಗಿ ಬೇರೆ ಬೇರೆ ಅಳತೆಯ ರಬ್ಬರು ಬಿರಡೆಗಳು ತಯಾರಾದುವು. ಕಿವಿಗಳೆಲ್ಲ ಒಂದೇ ಅಳತೆಯವಲ್ಲ ಎಂಬ ತಿಳಿವಳಿಕೆ ಆಗ ಬಂದಿತು. 1970ರ ದಶಕದ ಆರಂಭದಲ್ಲಿ, ಹಿಸುಕಿದರೆ ಕುಗ್ಗಿ ನಿಧಾನವಾಗಿ ಹಿಗ್ಗುವ ಫೋಮಿನ ಹಳದಿ ಬಿರಡೆ ಅಮೆರಿಕದ ಮಾರುಕಟ್ಟೆಗೆ ಬಂತು. ಕಿವಿಯೊಳಗೆ ಇಟ್ಟರೆ ಅದೇ ಆ ಕಿವಿಯ ಆಕಾರವನ್ನು ತಾಳುತ್ತದೆ. ಅಗ್ಗವಾದ, ಸಮರ್ಥವಾದ ಸಾಧನ ಅಂದಿನಿಂದ ಮನುಷ್ಯನ ಕೈಯಲ್ಲಿದೆ.

ಆದರೂ ಜನ ಹಾಕಿಕೊಳ್ಳಲಿಲ್ಲ. ಸದ್ದಿನೊಂದಿಗೆ ಮಾತೂ ಹೋಗುತ್ತಿದ್ದುದೇ ಅಡ್ಡಿ. ಈ ಅಡ್ಡಿಯನ್ನು ನಿವಾರಿಸಿದ್ದು ಕಿವಿಯ ಮೇಲಿನ ಕರುಣೆಯಲ್ಲ, ಪಂದ್ಯ ಗೆಲ್ಲುವ ಹಂಬಲ. ಹಿಂದೆ ಚಾಲಕನಿಗೆ ಸಂದೇಶ ಕೊಡಬೇಕಾದರೆ ಪಥದ ಬದಿಯಲ್ಲಿ ಫಲಕ ಹಿಡಿಯುತ್ತಿದ್ದರು. ಒಂದು ಸುತ್ತಿಗೆ ಒಮ್ಮೆ, ಕಣ್ಣೆವೆ ಮುಚ್ಚಿ ತೆರೆಯುವುದರೊಳಗೆ ಅವನು ಓದಿಕೊಳ್ಳಬೇಕು. 1980ರ ದಶಕದಲ್ಲಿ ಫಾರ್ಮುಲಾ ಒನ್ ತಂಡಗಳು ರೇಡಿಯೊವನ್ನು ರೂಢಿಗೆ ತಂದಾಗ ಹೊಸ ತೊಡಕು ಎದ್ದಿತು: ಎಂಜಿನಿನ ಆರ್ಭಟದಲ್ಲಿ ಆ ಮಾತು ಕೇಳುವುದು ಹೇಗೆ? ಧ್ವನಿಯನ್ನು ಹೆಚ್ಚಿಸಿ ಆರ್ಭಟವನ್ನು ಮೀರಿಸಹೊರಟರೆ ಕಿವಿಗೆ ಎರಡು ಪೆಟ್ಟು. ಆರ್ಭಟವನ್ನು ಹೊರಗೆ ತಡೆದರೆ ಸಣ್ಣ ದನಿಯ ಮಾತೂ ಸಾಕು. ಅಂದಮೇಲೆ ತಡೆಯುವ ಬಿರಡೆಯೊಳಗೇ ಮಾತನಾಡುವ ಪುಟ್ಟ ಯಂತ್ರವನ್ನು ಕೂಡಿಸಬೇಕು. ನಾವಿಕನ ಮೇಣ, ನಾಯಕನ ತೆರೆದ ಕಿವಿ ಎರಡೂ ಒಂದೇ ವಸ್ತುವಿನಲ್ಲಿ ಕೂಡಿದುದು ಹೀಗೆ. ಚಾಲಕನು ರಕ್ಷಣೆಯನ್ನು ಸಂತೋಷದಿಂದ ಧರಿಸಿದನು. ಏಕೆಂದರೆ ಅದರಿಂದ ಅವನಿಗೆ ಕಡಮೆಯಲ್ಲ, ಹೆಚ್ಚು ಕೇಳಿಸಿತು.

ಕಿವಿಯ ಅಚ್ಚು ತೆಗೆಯುವ ಕಲೆ ಹೊಸದಾಗಿ ಹುಟ್ಟಬೇಕಾಗಿರಲಿಲ್ಲ; ಅದು ಕಿವುಡರ ಶ್ರವಣಸಾಧನಕ್ಕಾಗಿ ಹಿಂದೆಯೇ ಬೆಳೆದಿತ್ತು. ಕಿವಿ ಕಳೆದುಕೊಂಡವರಿಗಾಗಿ ಹುಟ್ಟಿದ ಕಲೆ ಕಿವಿ ಉಳಿಸಿಕೊಳ್ಳಬೇಕಾದವರಿಗೆ ಒದಗಿತು. ನಮ್ಮ ಮೈಸೂರಿನಲ್ಲಿ 1960ರ ದಶಕದ ನಡುವಿನಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿಯ ಅಚ್ಚು ಮಾಡುವ ಪ್ರಯೋಗಶಾಲೆಯೇ ಇದೆ. ಸಂಗೀತಗಾರರೂ ಈ ಕಲೆಯ ನೆರವು ಪಡೆದರು. 1988ರಲ್ಲಿ ಅಮೆರಿಕದ ಮೀಡ್ ಕಿಲಿಯನ್ ಹೊರತಂದ ಬಿರಡೆ ಎಲ್ಲ ಶ್ರುತಿಗಳನ್ನೂ ಸುಮಾರು 15 ಡೆಸಿಬೆಲಿನಷ್ಟು ಸಮವಾಗಿ ತಗ್ಗಿಸುತ್ತಿತ್ತು. ನಾದದ ಬಣ್ಣ ಕೆಡುತ್ತಿರಲಿಲ್ಲ. 1995ರಲ್ಲಿ ಜೆರ್ರಿ ಹಾರ್ವೆ ಎಂಬ ಧ್ವನಿ ತಂತ್ರಜ್ಞನು ರಾಕ್ ಸಂಗೀತದ ವಾದಕನೊಬ್ಬನಿಗಾಗಿ ಅಚ್ಚಿನ ಇಯರ್‌ಫೋನನ್ನು ಕಟ್ಟಿದನು. ವೇದಿಕೆಯ ಗದ್ದಲ, ಪಥದ ಗದ್ದಲ ಎರಡಕ್ಕೂ ಪರಿಹಾರ ಒಂದೇ ಕುಲದ್ದು.

ಇಲ್ಲಿ ಡೆಸಿಬೆಲ್ ಎಂಬ ಅಳತೆಯ ವಿಷಯ ಹೇಳಬೇಕು. 1920ರ ದಶಕದಲ್ಲಿ ಅಮೆರಿಕದ ಟೆಲಿಫೋನ್ ಎಂಜಿನಿಯರುಗಳು ರೂಢಿಸಿದ ಈ ಮಾನಕ್ಕೆ ಅಲೆಗ್ಸಾಂಡರ್ ಗ್ರಹಾಂ ಬೆಲ್ಲನ ಹೆಸರಿದೆ. ಬೆಲ್ಲನ ತಾಯಿಯೂ ಹೆಂಡತಿಯೂ ಕಿವುಡರಾಗಿದ್ದರೆಂಬುದನ್ನು ನೆನೆದರೆ ಈ ಹೆಸರು ಬೇರೆಯಾಗಿಯೇ ಕೇಳಿಸುತ್ತದೆ. ಈ ಮಾನದ ಲೆಕ್ಕ ನಮ್ಮ ಸಾಮಾನ್ಯ ಕೂಡಿಕೆಯ ಲೆಕ್ಕವಲ್ಲ. ಮೂರು ಡೆಸಿಬೆಲ್ ಏರಿದರೆ ಸದ್ದಿನ ಶಕ್ತಿ ಇಮ್ಮಡಿ. ಹತ್ತು ಏರಿದರೆ ಹತ್ತು ಮಡಿ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಸಲಹೆಯಂತೆ 85 ಡೆಸಿಬೆಲಿನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು. ಮುಂದೆ ಪ್ರತಿ ಮೂರು ಡೆಸಿಬೆಲಿಗೆ ಅವಧಿ ಅರ್ಧ. 88ಕ್ಕೆ ನಾಲ್ಕು ಗಂಟೆ, 94ಕ್ಕೆ ಒಂದು ಗಂಟೆ, 100ಕ್ಕೆ ಕಾಲು ಗಂಟೆ. ಅದೇ ಸಂಸ್ಥೆಯ ಸಂಶೋಧಕರು ಸ್ಟಾಕ್ ಕಾರ್ ಪಂದ್ಯಗಳಲ್ಲಿ ಅಳೆದಾಗ ಪ್ರೇಕ್ಷಕರ ಆಸನಗಳಲ್ಲಿ 96, ಕಾರಿನೊಳಗೆ ಚಾಲಕನ ಬಳಿ 114ರವರೆಗೆ ಕಂಡುಬಂದಿತು. ಲೆಕ್ಕ ಹಾಕಿ ನೋಡೋಣ. ಪ್ರೇಕ್ಷಕನ ದಿನದ ಪಾಲು ಸುಮಾರು 38 ನಿಮಿಷಗಳಲ್ಲಿ ತೀರುತ್ತದೆ. ಚಾಲಕನ ಪಾಲು ಅರ್ಧ ನಿಮಿಷಕ್ಕಿಂತ ತುಸು ಹೆಚ್ಚು. ಪಂದ್ಯವೋ ಮೂರು ಗಂಟೆ ನಡೆಯುತ್ತದೆ.

ಹಾಗಾದರೆ ಯಾರು ಯಾವುದನ್ನು ಆರಿಸಬೇಕು? ಪ್ರೇಕ್ಷಕನಿಗೆ ದುಬಾರಿಯ ಅಚ್ಚು ಬೇಕಾಗಿಲ್ಲ. ಫೋಮಿನ ಬಿರಡೆಯನ್ನು ಬೆರಳುಗಳ ನಡುವೆ ತೆಳುವಾಗಿ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಆಳವಾಗಿ ಇಟ್ಟು, ಅದು ಹಿಗ್ಗುವವರೆಗೆ ಅರ್ಧ ನಿಮಿಷ ಬೆರಳಿನಿಂದ ಆನಿಸಿ ಹಿಡಿದರೆ ಅದು ಯಾವ ಅಚ್ಚಿಗೂ ಸೋಲದು. ಬಾಗಿಲಲ್ಲಿ ಸುಮ್ಮನೆ ಸಿಕ್ಕಿಸಿಕೊಂಡರೆ ಪೆಟ್ಟಿಗೆಯ ಮೇಲೆ ಬರೆದ ಅಂಕಿಯ ಅರ್ಧವೂ ದಕ್ಕದು. ಚಿಕ್ಕ ಮಕ್ಕಳ ಕಿವಿಯ ನಾಳ ಕಿರಿದು; ಅವರಿಗೆ ಕಿವಿಯನ್ನು ಇಡಿಯಾಗಿ ಮುಚ್ಚುವ ಬಟ್ಟಲಿನಂಥ ಸಾಧನವೇ ಲೇಸು. ಕಾರಿನ ಬಳಿ ದುಡಿಯುವವರು ಒಳಗೆ ಬಿರಡೆ, ಮೇಲೆ ಬಟ್ಟಲಿನ ಹೆಡ್‌ಸೆಟ್ ಎರಡನ್ನೂ ಧರಿಸುವುದುಂಟು. ಎರಡನ್ನು ಕೂಡಿಸಿದರೆ ರಕ್ಷಣೆ ಇಮ್ಮಡಿಸುವುದಿಲ್ಲ. ಐದರಿಂದ ಹತ್ತು ಡೆಸಿಬೆಲ್ ಹೆಚ್ಚಬಹುದು, ಅಷ್ಟೇ. ಕಿವಿಯನ್ನು ಎಷ್ಟೇ ಬಿಗಿಯಾಗಿ ಮುಚ್ಚಿದರೂ ತಲೆಯ ಎಲುಬಿನ ಮೂಲಕ ಸದ್ದು ಒಳಗೆ ಹೋಗುತ್ತದೆ.

ಅಚ್ಚಿನ ಬಿರಡೆ ಬೇಕಾದುದು ಚಾಲಕನಿಗೆ, ಬೈಕು ಸವಾರನಿಗೆ, ವಾರವಾರವೂ ಗದ್ದಲದಲ್ಲಿರುವ ಮೆಕ್ಯಾನಿಕನಿಗೆ. ಅದರ ಹೆಚ್ಚಳ ಸದ್ದನ್ನು ಇನ್ನಷ್ಟು ತಡೆಯುವುದರಲ್ಲಿಲ್ಲ. ಪ್ರತಿ ಸಲವೂ ಒಂದೇ ರೀತಿ ಕೂಡುವುದರಲ್ಲಿ, ಗಂಟೆಗಟ್ಟಲೆ ನೋಯದಿರುವುದರಲ್ಲಿ ಇದೆ. ಬೈಕು ಸವಾರನಿಗೆ ಎಂಜಿನಿಗಿಂತ ಗಾಳಿಯೇ ಶತ್ರು. ಗಂಟೆಗೆ 100 ಕಿಲೋಮೀಟರ್ ದಾಟಿದಾಗ ಶಿರಸ್ತ್ರಾಣದೊಳಗೆ ಗಾಳಿಯ ಮೊರೆತ 100 ಡೆಸಿಬೆಲಿನ ಆಸುಪಾಸಿಗೆ ಏರುತ್ತದೆ; ಶಿರಸ್ತ್ರಾಣ ತಲೆಯನ್ನು ಕಾಯುತ್ತದೆಯೇ ಹೊರತು ಕಿವಿಯನ್ನು ಕಾಯುವುದಿಲ್ಲ. 2015ರಲ್ಲಿ ಡಾಕರ್ ರ್‍ಯಾಲಿಯನ್ನು ಪೂರೈಸಿದ ಮೊದಲ ಭಾರತೀಯರಾದ ಬೆಂಗಳೂರಿನ ಸಿ. ಎಸ್. ಸಂತೋಷ್ ಅವರ ಹಾದಿಯನ್ನು ಹಿಡಿಯಬಯಸುವ ತರುಣರು ನಮ್ಮಲ್ಲಿ ಅನೇಕರಿದ್ದಾರೆ. ದಿನಕ್ಕೆ ನೂರಾರು ಮೈಲಿಗಳ ಆ ಗಾಳಿಯಲ್ಲಿ ಕುಳಿತಿರಬೇಕಾದವರು ಇದನ್ನು ಮೊದಲೇ ತಿಳಿದಿರಬೇಕು.

ಅಚ್ಚು ತೆಗೆಯುವ ಮುನ್ನ ಬಲ್ಲವರು ಕಿವಿಯೊಳಗೆ ದೀಪ ಹಾಯಿಸಿ ನೋಡುತ್ತಾರೆ. ಗುಗ್ಗೆ ತುಂಬಿದ್ದರೆ, ತಮಟೆ ಹರಿದಿದ್ದರೆ ಕೆಲಸ ಅಲ್ಲಿಗೇ ನಿಲ್ಲಬೇಕು. ಬಳಿಕ ದಾರ ಕಟ್ಟಿದ ಹತ್ತಿ ಅಥವಾ ಫೋಮಿನ ಚೂರನ್ನು ನಾಳದ ಎರಡನೆಯ ತಿರುವಿನ ಆಚೆಗೆ ಕೂಡಿಸುತ್ತಾರೆ. ಅಚ್ಚಿನ ದ್ರವ ತಮಟೆಯನ್ನು ಮುಟ್ಟದಿರಲು ಇದು ಒಡ್ಡು. ಅನಂತರ ಎರಡು ಬಗೆಯ ಸಿಲಿಕೋನನ್ನು ಬೆರೆಸಿ ಪಿಚಕಾರಿಯಿಂದ ತುಂಬುತ್ತಾರೆ. ಕೆಲವೇ ನಿಮಿಷಗಳಲ್ಲಿ ಅದು ಗಟ್ಟಿಯಾಗುತ್ತದೆ. ಆ ಹೊತ್ತಿನಲ್ಲಿ ಬಾಯಿ ತೆರೆದಿರುವಂತೆ ಹಲ್ಲುಗಳ ನಡುವೆ ಒಂದು ತುಂಡನ್ನು ಕಚ್ಚಿಸುವುದುಂಟು. ದವಡೆ ಅಲುಗಿದಾಗ ಕಿವಿಯ ನಾಳದ ಆಕಾರವೂ ಬದಲಾಗುತ್ತದೆ. ಬಾಯಿ ಮುಚ್ಚಿಕೊಂಡು ತೆಗೆದ ಅಚ್ಚು, ರೇಡಿಯೊದಲ್ಲಿ ಉತ್ತರ ಕೊಡಲು ಚಾಲಕನು ಬಾಯಿ ತೆರೆದಾಗ ಸಡಿಲವಾದೀತು. ಸಡಿಲವಾದಲ್ಲಿ ಎಂಜಿನಿನ ಸದ್ದು ನುಗ್ಗುತ್ತದೆ; ಅವನು ರೇಡಿಯೊದ ಧ್ವನಿಯನ್ನು ಏರಿಸುತ್ತಾನೆ; ಕಾಯಬೇಕಾದ ಸಾಧನವೇ ಕಿವಿಯನ್ನು ಬಡಿಯತೊಡಗುತ್ತದೆ. ಆದ್ದರಿಂದ ಇಯರ್‌ಫೋನಿನ ನಾದ ಎಷ್ಟು ಸೊಗಸು ಎಂದು ಕೇಳುವುದಕ್ಕೆ ಮೊದಲು ಅದು ಎಷ್ಟು ಬಿಗಿಯಾಗಿ ಕೂಡುತ್ತದೆ ಎಂದು ಕೇಳಬೇಕು. ಗದ್ದಲದಲ್ಲಿ ನಿಂತು ಎರಡೂ ಕಿವಿಗಳನ್ನು ಅಂಗೈಗಳಿಂದ ಮುಚ್ಚಿ ನೋಡಿದಾಗ ಸದ್ದಿನಲ್ಲಿ ಹೆಚ್ಚು ವ್ಯತ್ಯಾಸ ತೋರದಿದ್ದರೆ ಬಿರಡೆ ಸರಿಯಾಗಿ ಕೂತಿದೆಯೆಂದು ಅರ್ಥ. ಶಿರಸ್ತ್ರಾಣ ತೊಡುವವರಿಗೆ ಅಚ್ಚು ಕಿವಿಯ ಬಟ್ಟಲಿನಿಂದ ಹೊರಗೆ ಚಾಚಬಾರದು. ಗಡುಸಾದ ಅಕ್ರಿಲಿಕ್ಕಿಗಿಂತ ಮೃದುವಾದ ಸಿಲಿಕೋನ್ ಒಳ್ಳೆಯದು, ಅಪಘಾತದಲ್ಲಿ ಕಿವಿಯೊಳಗೆ ಗಡುಸು ವಸ್ತು ಇರುವುದು ಕ್ಷೇಮವಲ್ಲ. ಕಿವಿಯೂ ವಯಸ್ಸಿನೊಂದಿಗೆ ಬದಲಾಗುವುದರಿಂದ ಕೆಲವು ವರ್ಷಗಳಿಗೊಮ್ಮೆ ಹೊಸ ಅಚ್ಚು ಬೇಕು. ಫಾರ್ಮುಲಾ ಒನ್ ಚಾಲಕರ ಅಚ್ಚುಗಳಲ್ಲಿ, ಡಿಕ್ಕಿಯಾದಾಗ ತಲೆ ಎಷ್ಟು ರಭಸದಿಂದ ಅಲುಗಿತೆಂದು ಅಳೆಯುವ ಸೂಕ್ಷ್ಮ ಯಂತ್ರವನ್ನೂ ಈಗ ಅಳವಡಿಸುತ್ತಾರೆ. ನಾವಿಕನ ಮೇಣ ವೈದ್ಯನಿಗೆ ವರದಿ ಒಪ್ಪಿಸುವಷ್ಟು ಬೆಳೆದಿದೆ.

ಇಷ್ಟೆಲ್ಲ ಆದರೂ ಮನುಷ್ಯನಿಗೆ ಸದ್ದಿನ ಮೋಹ ಬಿಟ್ಟಿಲ್ಲ. 2014ರಲ್ಲಿ ಫಾರ್ಮುಲಾ ಒನ್ ಪಂದ್ಯಕ್ಕೆ ಚಿಕ್ಕದಾದ ಹೈಬ್ರಿಡ್ ಎಂಜಿನುಗಳು ಬಂದು ಸದ್ದು ತಗ್ಗಿದಾಗ ಪಂದ್ಯ ನಡೆಸುವವರೂ ಅಭಿಮಾನಿಗಳೂ ಮುನಿದರು. ಆ ವರ್ಷದ ಮೇ ತಿಂಗಳಲ್ಲಿ ಬಾರ್ಸೆಲೋನದ ಪರೀಕ್ಷಾ ಓಟದಲ್ಲಿ ಮರ್ಸಿಡಿಸ್ ತಂಡದವರು ಸದ್ದನ್ನು ಹೆಚ್ಚಿಸಲೆಂದು ಹೊಗೆಕೊಳವೆಯ ತುದಿಗೆ ತುತ್ತೂರಿಯಂಥ ಬಾಯಿಯನ್ನು ಕಟ್ಟಿ ನೋಡಿದರು. ಪ್ರಯೋಗ ಫಲಿಸಲಿಲ್ಲ. ತೊಂಬತ್ತು ವರ್ಷಗಳ ಹಿಂದೆ ಬ್ರೂಕ್‌ಲ್ಯಾಂಡ್ಸಿನಲ್ಲಿ ಕೊಳವೆಯ ಬಾಯಿ ಮುಚ್ಚಿಸಿದ ಆಟ, ಇಲ್ಲಿ ಬಾಯಿ ಅಗಲಿಸಲು ಹೊರಟಿತ್ತು. ಅಭಿಮಾನಿಗಳನ್ನು ನಾನು ಹಳಿಯಲಾರೆ. ಸದ್ದಿಗೆ ಒಂದು ಸೌಂದರ್ಯವಿದೆ. ದೇವರ ಉತ್ಸವದ ನಗಾರಿ ಎದೆಯೊಳಗೆ ಬಡಿದಾಗ ರೋಮಾಂಚನಗೊಳ್ಳದವರು ಯಾರು? ಕಿವಿಯನ್ನು ಉಳಿಸಿಕೊಂಡವನಿಗೆ ಮಾತ್ರ ಆ ಸೌಂದರ್ಯ ನಾಳೆಯೂ ದೊರೆತೀತು, ಇಷ್ಟೇ ನನ್ನ ಮಾತು.

ನಮ್ಮ ದೇಶದಲ್ಲಿ 2011ರಿಂದ 2013ರವರೆಗೆ ಗ್ರೇಟರ್ ನೊಯ್ಡಾದ ಬುದ್ಧ ಪಥದಲ್ಲಿ ಫಾರ್ಮುಲಾ ಒನ್ ಪಂದ್ಯಗಳು ನಡೆದುವು. ಮೂರು ವರ್ಷವೂ ಸೆಬಾಸ್ಟಿಯನ್ ವೆಟ್ಟೆಲ್ ಗೆದ್ದರು. ನಿಮಿಷಕ್ಕೆ 18,000 ಸುತ್ತು ತಿರುಗುತ್ತಿದ್ದ ಆ ಎಂಜಿನುಗಳ ಕೂಗು ಶಾಂತಿಯ ಪ್ರತಿರೂಪನಾದ ಬುದ್ಧನ ಹೆಸರಿನ ಪಥದಲ್ಲಿ ಮೊಳಗಿದ್ದು ಚರಿತ್ರೆಯ ಒಂದು ವಿನೋದ. ಅಲ್ಲಿಗೆ ಬಂದ ಚಾಲಕರ ಕಿವಿಗಳೆಲ್ಲ ಭದ್ರವಾಗಿದ್ದುವು. ನನ್ನ ಚಿಂತೆ ಅವರ ಕುರಿತಲ್ಲ. ನಮ್ಮ 1948ರ ಕಾರ್ಖಾನೆ ಕಾಯಿದೆ, ವೈದ್ಯರು ಸರಕಾರಕ್ಕೆ ವರದಿ ಮಾಡಲೇಬೇಕಾದ ಕಸುಬಿನ ರೋಗಗಳ ಪಟ್ಟಿಯಲ್ಲಿ ಗದ್ದಲದ ಕಿವುಡನ್ನೂ ಸೇರಿಸಿಕೊಂಡಿತ್ತು. ರಾಮಜ್ಜೀನಿಯ ಪ್ರಶ್ನೆ ಕಾನೂನಿನ ಪುಟಕ್ಕೆ ಬಂದಂತಾಯಿತು. ಆದರೆ ಊರ ಹೊರಗಿನ ಗ್ಯಾರೇಜಿನಲ್ಲಿ ಸೈಲೆನ್ಸರು ಕಿತ್ತ ಬೈಕಿನ ಪಕ್ಕ ಕುಳಿತು ಆಕ್ಸಿಲರೇಟರು ತಿರುಗಿಸುವ ಹದಿನೇಳರ ಹುಡುಗನ ಮೇಲೆ, ಮಗ್ಗದ ಮನೆಯಲ್ಲೇ ಹುಟ್ಟಿ ಬೆಳೆಯುವ ಮಗುವಿನ ಮೇಲೆ, ತಗಡಿನ ಷೆಡ್ಡಿನಲ್ಲಿ ಕಬ್ಬಿಣ ಬಡಿಯುವವನ ಮೇಲೆ ಯಾವ ಪುಟದ ನೆರಳೂ ಬಿದ್ದಿಲ್ಲ.

ಚಾಲಕನ ಅಚ್ಚು ಅವರಿಗೆ ಎಟುಕದಿರಬಹುದು. ಅದರ ಅಗ್ಗದ ದಾಯಾದಿಯಾದ ಫೋಮಿನ ಬಿರಡೆ ಎಟುಕುತ್ತದೆ. ಚರಿತ್ರೆ ನಮಗೆ ಕಲಿಸುವುದು ಬಿರಡೆಯನ್ನು ಹಂಚಿದರೆ ಸಾಲದು ಎಂಬುದನ್ನು. ಬೀರುವಿನಲ್ಲಿ ತೆರೆಯದೆ ಉಳಿದ ಪೆಟ್ಟಿಗೆಗಳ ಸಂಖ್ಯೆ ಲೋಕದಲ್ಲಿ ದೊಡ್ಡದು. ಕಿವಿ ಮುಚ್ಚಿಕೊಂಡವನು ತನ್ನ ಕೆಲಸದಿಂದಲೂ ಜೊತೆಯವರಿಂದಲೂ ದೂರವಾಗುವುದಿಲ್ಲ ಎಂಬ ಭರವಸೆಯನ್ನು ಅವನಿಗೆ ಕೊಡಬೇಕು. ಸದ್ದು ಹದಕ್ಕೆ ಇಳಿದಾಗ ಪಕ್ಕದವನ ಮಾತು ಎಷ್ಟೋ ವೇಳೆ ಮೊದಲಿಗಿಂತ ತಿಳಿಯಾಗಿ ಕೇಳುತ್ತದೆ. ಎಂಜಿನಿನ ರೋಗವೂ ಕೇಳುತ್ತದೆ. ಇದನ್ನು ಒಮ್ಮೆ ಹಾಕಿ ತೋರಿಸಿದರೆ ಹುಡುಗರು ನಂಬುತ್ತಾರೆ; ಭಾಷಣದಿಂದ ನಂಬುವುದಿಲ್ಲ. ಆದ್ದರಿಂದ ತಮ್ಮ ಮನೆಯ ಹತ್ತಿರ ಅಂಥ ಗ್ಯಾರೇಜೊಂದಿದ್ದರೆ, ಮುಂದಿನ ಸಲ ಸ್ಕೂಟರನ್ನು ರಿಪೇರಿಗೆ ಬಿಡುವಾಗ ಔಷಧದ ಅಂಗಡಿಯಿಂದ ಒಂದು ಜೊತೆ ಬಿರಡೆಯನ್ನು ಕೊಂಡೊಯ್ದು ಆ ಹುಡುಗನ ಕೈಯಲ್ಲಿಟ್ಟು, ಹೊಸೆದು ಹಾಕಿಕೊಳ್ಳುವ ಬಗೆಯನ್ನು ತೋರಿಸಿ ಬನ್ನಿ ಎಂದು ಕೇಳಿಕೊಳ್ಳುತ್ತೇನೆ. ಅವನಿಗೆ ನಾಳೆ ಮೊಮ್ಮಕ್ಕಳಾದಾಗ ಅವರ ಮಾತು ಅವನಿಗೆ ಕೇಳಿಸಬೇಕು.